ಡೋಸ್ ಕಾಲಮ್ ಪಕ್ಕದ ಯೂನಿಟ್

ಡಿಬಿಎಂಎಸ್ ಮಿನಿ ಪ್ರಾಜೆಕ್ಟ್ ಅಂದ ಕೂಡಲೇ ನಮ್ಮಲ್ಲಿ ಅರ್ಧ ಬ್ಯಾಚ್ ಮಾಡೋದು ಎರಡೇ: ಲೈಬ್ರರಿ ಮ್ಯಾನೇಜ್‌ಮೆಂಟ್, ಇಲ್ಲಾಂದ್ರೆ ಹಾಸ್ಪಿಟಲ್ ಮ್ಯಾನೇಜ್‌ಮೆಂಟ್. ಪೇಷೆಂಟ್‌ಗೆ ಒಂದು ಟೇಬಲ್, ಡಾಕ್ಟರ್‌ಗೆ ಒಂದು, ಬಿಲ್ಲಿಗೆ ಒಂದು. ಸೀನಿಯರ್ ಕೊಟ್ಟ ಕೋಡಿನಲ್ಲಿ ಹೆಸರು ಬದಲಾಯಿಸಿ, ವೈವಾದಲ್ಲಿ ನಾರ್ಮಲೈಸೇಶನ್ ಬಗ್ಗೆ ಎರಡು ಮಾತಾಡಿದರೆ ಮುಗೀತು. ನಾನೂ ಅದನ್ನೇ ಮಾಡಿದವನು. ನಮ್ಮ ಟೇಬಲ್‌ನಲ್ಲಿ 'ಡೋಸ್' ಅಂತ ಒಂದು ಕಾಲಮ್ ಇತ್ತು, ಟೈಪ್ ಇಂಟಿಜರ್. ಯಾವುದರ ಇಂಟಿಜರ್? ಮಿಲಿಗ್ರಾಮಾ, ಮಾತ್ರೆಗಳ ಲೆಕ್ಕವಾ? ನಾವೂ ಯೋಚಿಸಲಿಲ್ಲ, ಎಕ್ಸ್‌ಟರ್ನಲ್ ಬಂದವರೂ ಕೇಳಲಿಲ್ಲ.

ಕೇಳದೇ ಇದ್ದರೆ ಏನಾಗುತ್ತೆ ಅನ್ನೋದು 2013ರ ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಯುಸಿಎಸ್‌ಎಫ್ ಆಸ್ಪತ್ರೆಯಲ್ಲಿ ಗೊತ್ತಾಯಿತು. ಅಲ್ಲಿನ ವೈದ್ಯರೇ ಆದ ರಾಬರ್ಟ್ ವಾಕ್ಟರ್ 2015ರಲ್ಲಿ ಬಂದ 'ದಿ ಡಿಜಿಟಲ್ ಡಾಕ್ಟರ್' ಪುಸ್ತಕದಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ರೋಗಿ ಹದಿನಾರು ವರ್ಷದ ಹುಡುಗ, ತೂಕ 38.6 ಕೆಜಿ. 40 ಕೆಜಿಗಿಂತ ಕಡಿಮೆ ತೂಕದ ಮಕ್ಕಳಿಗೆ ಔಷಧಿಯನ್ನು ತೂಕದ ಲೆಕ್ಕದಲ್ಲೇ ಬರೆಯಬೇಕು ಅನ್ನೋದು ಆಸ್ಪತ್ರೆಯ ಪಾಲಿಸಿ. ಒಳ್ಳೆಯ ಪಾಲಿಸಿಯೇ. ಕೆಜಿಗೆ 5 ಮಿ.ಗ್ರಾಂನಂತೆ ಲೆಕ್ಕ ಹಾಕಿದರೆ 193 ಬಂತು, ಮಾತ್ರೆ ಸಿಗೋದು 160ರದ್ದು. ವ್ಯತ್ಯಾಸ ಶೇ. 5 ದಾಟಿದರೆ ಫಾರ್ಮಸಿಸ್ಟ್ ತಾವೇ ಸರಿಮಾಡುವಂತಿಲ್ಲ, ಡಾಕ್ಟರೇ ಮತ್ತೆ ಬರೆಯಬೇಕು. ಇದು ಇನ್ನೊಂದು ಪಾಲಿಸಿ, ಇದೂ ಒಳ್ಳೆಯದೇ. ಫಾರ್ಮಸಿಸ್ಟ್ ಮೆಸೇಜ್ ಕಳಿಸಿದರು, ಡಾಕ್ಟರ್ 160 ಅಂತ ಟೈಪ್ ಮಾಡಿದರು. ಬಾಕ್ಸ್ ಪಕ್ಕದ ಯೂನಿಟ್ ಮಾತ್ರ 'ಕೆಜಿಗೆ ಮಿ.ಗ್ರಾಂ' ಅಂತಲೇ ಇತ್ತು. 160 ಗುಣಿಸು 38.6, ಅಂದರೆ 6176 ಮಿ.ಗ್ರಾಂ. ಸಿಸ್ಟಮ್ ಅದನ್ನು ಮೂವತ್ತೆಂಟೂವರೆ ಮಾತ್ರೆ ಮಾಡಿತು.

ಅಲರ್ಟ್ ಬರಲಿಲ್ವಾ? ಬಂತು. ಡಾಕ್ಟರ್‌ಗೂ ಬಂತು, ಫಾರ್ಮಸಿಸ್ಟ್‌ಗೂ ಬಂತು. ದಿನವಿಡೀ ಅಂಥವನ್ನೇ ನೋಡಿ ನೋಡಿ ಇಬ್ಬರೂ ಕ್ಲಿಕ್ ಮಾಡಿ ಮುಂದೆ ಹೋದರು. (ನಾವು ಕುಕೀಸ್ ಪಾಪ್‌ಅಪ್ ಓದ್ತೀವಾ?) ಫಾರ್ಮಸಿಯ ರೋಬೋಟ್ ಮಾತ್ರೆ ಕಟ್ಟಿ ಕಳಿಸಿತು. ನರ್ಸ್‌ಗೆ ಅನುಮಾನ ಬಂತು, ಆದರೆ ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ 'ಸರಿ ಇದೆ' ಅಂತು. ಹುಡುಗ ಅಷ್ಟನ್ನೂ ನುಂಗಿದ. ಫಿಟ್ಸ್ ಬಂತು. ಪುಣ್ಯಕ್ಕೆ ಬದುಕಿದ.

ಬಾರ್‌ಕೋಡ್ ಸುಳ್ಳು ಹೇಳಿರಲಿಲ್ಲ. ಆರ್ಡರ್‌ನಲ್ಲಿ ಏನಿದೆಯೋ ಕೈಯಲ್ಲೂ ಅದೇ ಇದೆ ಅಂತಷ್ಟೇ ಅದು ಹೇಳಬಲ್ಲದು. ಆರ್ಡರೇ ತಪ್ಪಾ ಅಂತ ಅದಕ್ಕೆ ಗೊತ್ತಾಗಲ್ಲ. ಸಾಫ್ಟ್‌ವೇರ್ ಎಂಜಿನಿಯರಿಂಗ್ ಪೇಪರ್‌ನಲ್ಲಿ ವೆರಿಫಿಕೇಶನ್ ಬೇರೆ, ವ್ಯಾಲಿಡೇಶನ್ ಬೇರೆ ಅಂತ ಐದು ಮಾರ್ಕ್ಸಿಗೆ ಬರೀತೀವಲ್ಲ, ಅದೇ.

ಇದನ್ನು ಕ್ಲಾಸಲ್ಲಿ ಹೇಳಿದಾಗ ಮೊದಲು ಬಂದ ಮಾತು, 'ನರ್ಸ್ ಕೇಳಬೇಕಿತ್ತು' ಅಂತ. ನಾನು ಒಪ್ಪಲ್ಲ. ಡಾಕ್ಟರ್, ಫಾರ್ಮಸಿಸ್ಟ್, ರೋಬೋಟ್, ಬಾರ್‌ಕೋಡ್ ಎಲ್ಲಾ ಸರಿ ಅಂದ ಮೇಲೆ, ಅವತ್ತು ತನ್ನದಲ್ಲದ ವಾರ್ಡಿನಲ್ಲಿ ಡ್ಯೂಟಿಗಿದ್ದ ಒಬ್ಬಾಕೆ ಕಂಪ್ಯೂಟರೇ ತಪ್ಪು ಅಂತ ಹೇಳಬೇಕಿತ್ತಂತೆ! ಪಾಲಿಸಿ ಬದಲಾದಾಗಲೆಲ್ಲ ಒಂದು ಸರ್ಕ್ಯುಲರ್, ಅರ್ಧ ಗಂಟೆ ಟ್ರೈನಿಂಗ್ ಕೊಟ್ಟು ಉಳಿದ ಹೊಣೆಯನ್ನು ಸ್ಟಾಫ್ ಮೇಲೆ ಹಾಕೋದು ಸುಲಭ. ಆದರೆ ಡೀಫಾಲ್ಟ್ ಯೂನಿಟ್ ಕೂಡ ಒಂದು ಪಾಲಿಸಿಯೇ. ಅದು ಯಾವ ಸರ್ಕ್ಯುಲರ್‌ನಲ್ಲೂ ಕಾಣಲ್ಲ, ಅದನ್ನು ಬರೆಯೋರು ನಮ್ಮಂಥವರು.

ಹಾಗಂತ ಕಾಗದಕ್ಕೇ ವಾಪಸ್ ಹೋಗೋಣ ಅಂತಲ್ಲ. ಡಾಕ್ಟರ ಅಕ್ಷರ ಎಲ್ಲರಿಗೂ ಗೊತ್ತಿರೋದೇ. ನಮ್ಮಲ್ಲೂ 2021ರ ಸೆಪ್ಟೆಂಬರ್‌ನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಾದ್ಯಂತ ಶುರುವಾಗಿದೆ, ಹದಿನಾಲ್ಕು ಅಂಕಿಯ ಆಭಾ ನಂಬರ್ ಬಂದಿದೆ. ಈ ಕೆಲಸ ನಮ್ಮ ಪ್ಲೇಸ್‌ಮೆಂಟ್‌ಗೂ ಬರುತ್ತೆ. ಬರೋ ಮುಂಚೆ ಒಂದು ನೈಟ್ ಶಿಫ್ಟ್ ವಾರ್ಡಿನಲ್ಲಿ ನಿಂತು ನೋಡಿ ಬರೋದು ಕಡ್ಡಾಯ ಆಗಬೇಕು ಅಂತ ನನ್ನ ವಾದ. ಅಷ್ಟು ಆಗದಿದ್ದರೆ, ಡಿಪಾರ್ಟ್‌ಮೆಂಟಿನವರು ವೈವಾದಲ್ಲಿ ಒಂದೇ ಪ್ರಶ್ನೆ ಕೇಳಲಿ: ಇಲ್ಲಿ 6000 ಅಂತ ಟೈಪ್ ಮಾಡಿದರೆ ನಿಮ್ಮ ಪ್ರೋಗ್ರಾಂ ಏನು ಮಾಡುತ್ತೆ?

ನಮ್ಮದು ತೆಪ್ಪಗೆ ಸೇವ್ ಮಾಡುತ್ತೆ. ಮೊನ್ನೆ ಟ್ರೈ ಮಾಡಿದೆ. ಕೋಡ್ ಇನ್ನೂ ಗಿಟ್‌ಹಬ್‌ನಲ್ಲಿದೆ, ಜೂನಿಯರ್ಸ್ ಯಾರಾದರೂ ತಗೊಳ್ಳೋದಾದರೆ ಆ ಕಾಲಮ್ ಮೊದಲು ಸರಿಮಾಡ್ಕೊಳ್ಳಿ.