ಒಂದೇ ಟಿಕೆಟ್ಟು, ಒಂದೇ ಫೈಲು

ನಮ್ಮ ನಾಗಸಂದ್ರದಲ್ಲಿ ಮೆಟ್ರೊ ಹತ್ತಿ ನೋಡಿ. ಒಂದು ಟಿಕೆಟ್ ತಗೊಂಡರೆ ಸಾಕು. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದ ರೈಲು ಇಳಿದು, ನೇರಳೆ ಮಾರ್ಗದ ರೈಲು ಹತ್ತಿ ವೈಟ್‌ಫೀಲ್ಡ್ ತನಕ ಆರಾಮಾಗಿ ಹೋಗಬಹುದು. ಮಧ್ಯದಲ್ಲಿ ಯಾರೂ ತಡೆದು, ‘ಎಲ್ಲಿಂದ ಬಂದ್ರಿ? ಮೊದಲಿಂದ ಹೇಳಿ’ ಅನ್ನೋದಿಲ್ಲ.

ಈಗ ಅದೇ ನಾಗಸಂದ್ರದಿಂದ ಮನೆಯ ಹಿರಿಯರನ್ನು ಕರಕೊಂಡು ಆಸ್ಪತ್ರೆಗೆ ಹೊರಡಿ! ಬೀದಿ ಕೊನೆಯ ಕ್ಲಿನಿಕ್‌ನಲ್ಲಿ ಒಂದು ಚೀಟಿ, ತುಮಕೂರು ರಸ್ತೆಯ ನರ್ಸಿಂಗ್ ಹೋಮ್‌ನಲ್ಲಿ ಇನ್ನೊಂದು, ‘ದೊಡ್ಡ ಆಸ್ಪತ್ರೆಗೆ ಹೋಗಿ’ ಅಂದರೆ ಅಲ್ಲಿ ಮತ್ತೆ ಮೊದಲಿಂದ. ಅದೇ ರಕ್ತಪರೀಕ್ಷೆ, ಅದೇ ಎಕ್ಸ್‌ರೇ, ಅದೇ ಪ್ರಶ್ನೆ: ‘ಏನಮ್ಮಾ, ಯಾವ್ಯಾವ ಮಾತ್ರೆ ತಗೋತಾರೆ?’ ನೀವು ಪರ್ಸಿನಿಂದ ಖಾಲಿ ಸ್ಟ್ರಿಪ್ ತೆಗೆದು ತೋರಿಸುತ್ತೀರಿ. ಹೌದು ತಾನೆ?

ಇದು ಬರೀ ದುಡ್ಡು, ಸಮಯ ಹಾಳಾಗುವ ಮಾತಾಗಿದ್ದರೆ ಗೊಣಗಿಕೊಂಡು ಸುಮ್ಮನಾಗಬಹುದಿತ್ತು. ಆದರೆ ಇದರಿಂದ ಜೀವಕ್ಕೇ ಸಂಚಕಾರ ಬರಬಹುದು ಅನ್ನೋದು ನನಗೆ ಗೊತ್ತಾಗಿದ್ದು ಒಂದು ರಾತ್ರಿ ಎರಡು ಗಂಟೆಗೆ.

ಆ ರಾತ್ರಿ ನಡೆದದ್ದು

ನಮ್ಮ ಅತ್ತೆಗೆ ಎಪ್ಪತ್ತನಾಲ್ಕು. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಮನೆ ಹತ್ತಿರದ ಡಾಕ್ಟರ್ ಕೊಟ್ಟ ಮಾತ್ರೆಯಲ್ಲಿ ಚೆನ್ನಾಗೇ ಇದ್ದರು. ಒಮ್ಮೆ ಕಾಲಿನ ಗಾಯ ಮಾಯದೆ ದೊಡ್ಡ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ನಾಲ್ಕು ದಿನದ ಮೇಲೆ ಕಾಲಿಗೆ ಬ್ಯಾಂಡೇಜು, ಕೈಗೆ ಒಂದು ಚೀಲ ಹೊಸ ಮಾತ್ರೆ ಕೊಟ್ಟು ಕಳಿಸಿದರು.

ಹಳೇ ಮಾತ್ರೆ ನಿಲ್ಲಿಸಿ ಅಂತ ಅವರು ಹೇಳಲಿಲ್ಲ. ನಿಲ್ಲಿಸಬೇಕಾ ಅಂತ ನಾನೂ ಕೇಳಲಿಲ್ಲ. ಬೇರೆ ಬಣ್ಣ, ಬೇರೆ ಹೆಸರು, ಬೇರೆ ಕಂಪನಿ. ಹಳೇದನ್ನೂ ಕೊಟ್ಟೆ, ಹೊಸದನ್ನೂ ಕೊಟ್ಟೆ. ಭಕ್ತಿಯಿಂದ, ಗಡಿಯಾರ ನೋಡಿಕೊಂಡು ಕೊಟ್ಟೆ!

ಮೂರನೇ ರಾತ್ರಿ ಅತ್ತೆ ಮೈಯೆಲ್ಲ ಬೆವೆತು, ನಡುಗುತ್ತಾ, ಏನೇನೋ ಮಾತಾಡತೊಡಗಿದರು. ನನ್ನನ್ನೇ ‘ನೀನ್ಯಾರಮ್ಮ?’ ಅಂದರು. ಪುಣ್ಯಕ್ಕೆ ಪಕ್ಕದ ಮನೆ ಆಂಟಿ ರಿಟೈರ್ಡ್ ನರ್ಸ್. ಓಡಿಬಂದವರೇ ಗ್ಲುಕೋಮೀಟರ್‌ನಲ್ಲಿ ನೋಡಿದರೆ ಸಕ್ಕರೆ ನಲವತ್ತಾರು! ಪ್ರಜ್ಞೆ ಇನ್ನೂ ಇದ್ದದ್ದರಿಂದ ಸಕ್ಕರೆ ನೀರು ಕುಡಿಸಿದರು, ನಾವು 108ಕ್ಕೆ ಫೋನ್ ಮಾಡಿದೆವು. ಬೆಳಗಿನ ಜಾವ ಆಸ್ಪತ್ರೆಯ ಡಾಕ್ಟರ್ ಎರಡೂ ಸ್ಟ್ರಿಪ್ ತಿರುಗಿಸಿ ನೋಡಿ ಹೇಳಿದರು: ‘ಅಮ್ಮಾ, ಇವೆರಡರ ಒಳಗಿರೋದು ಒಂದೇ ಔಷಧ.’

ಅತ್ತೆ ಉಳಿದರು. ಈಗಲೂ ಬೆಳಿಗ್ಗೆ ಎದ್ದು ತುಳಸಿಗೆ ನೀರು ಹಾಕುತ್ತಾರೆ. ಆದರೆ ಆ ಮಾತು ನನ್ನ ಕಿವಿಯಿಂದ ಹೋಗಿಲ್ಲ.

ತಪ್ಪು ಯಾರದು? ಮನೆ ಹತ್ತಿರದ ಡಾಕ್ಟರ್ ಒಳ್ಳೆಯವರೇ. ದೊಡ್ಡ ಆಸ್ಪತ್ರೆಯವರೂ ಕಾಲು ಉಳಿಸಿಕೊಟ್ಟರು. ಇಬ್ಬರೂ ತಂತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದಾರೆ. ಒಬ್ಬರಿಗೊಬ್ಬರು ಮಾತಾಡಿಲ್ಲ, ಅಷ್ಟೇ. ನಮಗೆ ಆಸ್ಪತ್ರೆಗಳ ಬರ ಇಲ್ಲ. ಬರ ಇರೋದು ಅವುಗಳ ನಡುವಿನ ಮಾತಿಗೆ.

ಕೈ ಜೋಡಿಸಿದಾಗ ಏನಾಗುತ್ತೆ?

‘ಸರ್ಕಾರದವರು, ಖಾಸಗಿಯವರು, ಸಂಘಸಂಸ್ಥೆಯವರು ಸೇರಿ ಕೆಲಸ ಮಾಡೋದಾ? ನಮ್ಮ ದೇಶದಲ್ಲಿ ಆಗದ ಮಾತು’ ಅಂತ ಮೂಗು ಮುರಿಯಬೇಡಿ. ಆಗಿದೆ, ನಿಮ್ಮ ಕಣ್ಣೆದುರೇ ಆಗಿದೆ.

ಪಲ್ಸ್ ಪೋಲಿಯೊ ಭಾನುವಾರಗಳು ನೆನಪಿದೆಯಾ? ಮಗುವನ್ನು ಎತ್ತಿಕೊಂಡು ಶಾಲೆಯ ಬೂತಿಗೆ ಹೋಗಿ ಎರಡು ಹನಿ ಹಾಕಿಸಿ, ಕಿರುಬೆರಳಿಗೆ ಶಾಯಿ ಗುರುತು ಹಾಕಿಸಿಕೊಂಡು ಬರುತ್ತಿದ್ದೆವು. ಲಸಿಕೆ ಸರ್ಕಾರದ್ದು, ಜೊತೆಗೆ ರೋಟರಿಯವರು, ಅಂಗನವಾಡಿಯವರು, ಆಶಾ ಕಾರ್ಯಕರ್ತೆಯರು. ಬೂತಿಗೆ ಬಾರದ ಮನೆಗಳಿಗೆ ಅವರೇ ಹುಡುಕಿಕೊಂಡು ಬರುತ್ತಿದ್ದರು. 2011ರ ಜನವರಿ ಆದ ಮೇಲೆ ದೇಶದಲ್ಲಿ ಕಾಡು ಪೋಲಿಯೊದ ಒಂದು ಪ್ರಕರಣವೂ ಬರಲಿಲ್ಲ. 2014ರ ಮಾರ್ಚ್‌ನಲ್ಲಿ ಪೋಲಿಯೊ ಮುಕ್ತ ಅಂತ ಪ್ರಮಾಣಪತ್ರವೇ ಸಿಕ್ಕಿತು.

ಇನ್ನೂ ಹಿಂದಕ್ಕೆ ಹೋದರೆ, ಯಳಂದೂರು ತಾಲ್ಲೂಕಿನ ಗುಂಬಳ್ಳಿ. ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ 1996ರಲ್ಲಿ ಅಲ್ಲಿನ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸುವ ಹೊಣೆ ಹೊತ್ತಿತು. ಆಸ್ಪತ್ರೆ ಸರ್ಕಾರದ್ದು, ನಡೆಸುವ ಜವಾಬ್ದಾರಿ ಟ್ರಸ್ಟಿನದು. ಆಮೇಲೆ ಇದೇ ಮಾದರಿ ಬೇರೆ ಊರುಗಳಿಗೂ, ಬೇರೆ ರಾಜ್ಯಗಳಿಗೂ ಹೋಯಿತು.

ನಮ್ಮ ಬೆಂಗಳೂರಿನದೇ ಇನ್ನೊಂದು ಉದಾಹರಣೆ ಹಿರಿಯರ ಸಹಾಯವಾಣಿ 1090. ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ 2002ರಲ್ಲಿ ಶುರುಮಾಡಿದರು. ಒಂಟಿಯಾಗಿರುವ ವೃದ್ಧರ ಕಷ್ಟ ಕೇಳಲು ಒಂದೇ ಟ್ರಸ್ಟ್ ಇದ್ದರೂ ಸಾಲದು, ಒಂದೇ ಪೊಲೀಸ್ ಠಾಣೆ ಇದ್ದರೂ ಸಾಲದು. ಇಬ್ಬರೂ ಸೇರಿದಾಗ ಸಮಾಧಾನದ ಮಾತೂ ಸಿಗುತ್ತೆ, ಕಾನೂನಿನ ಬಲವೂ ಸಿಗುತ್ತೆ.

ಕ್ಷಯದ ವಿಷಯಕ್ಕೆ ಬನ್ನಿ. ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿಯೊಬ್ಬಳಿಗೆ ಟಿಬಿ ಅಂತ ಖಾಸಗಿ ಡಾಕ್ಟರ್ ಪತ್ತೆ ಹಚ್ಚಿದರು ಅಂದುಕೊಳ್ಳಿ. 2012ರಿಂದ ಅದನ್ನು ಸರ್ಕಾರಕ್ಕೆ ತಿಳಿಸೋದು ಅವರಿಗೆ ಕಡ್ಡಾಯ. ತಿಳಿಸಿದ ಮೇಲೆ ಆಕೆಗೆ ಸರ್ಕಾರದ ಉಚಿತ ಮಾತ್ರೆಗೂ, ಪೌಷ್ಟಿಕ ಆಹಾರದ ಹಣಕ್ಕೂ ದಾರಿಯಾಗುತ್ತೆ. ಈ ಹಣ 2018ರಲ್ಲಿ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1,000 ಆಯಿತು. ಡಾಕ್ಟರ್ ಖಾಸಗಿ, ಮಾತ್ರೆ ಸರ್ಕಾರಿ, ರೋಗಿ ಒಬ್ಬಳೇ. ಇದಲ್ಲವೇ ಜೊತೆಗಾರಿಕೆ?

ಹೊರದೇಶದವರೂ ಇದನ್ನೇ ಯೋಚಿಸುತ್ತಿದ್ದಾರೆ. ಇಂಗ್ಲೆಂಡಿನಲ್ಲಿ ಚಿಕಿತ್ಸೆ ಸರ್ಕಾರದ ವ್ಯವಸ್ಥೆಯಲ್ಲೇ ಇದ್ದರೂ ಆಸ್ಪತ್ರೆ, ಬಡಾವಣೆಯ ಡಾಕ್ಟರ್, ವೃದ್ಧರನ್ನು ನೋಡಿಕೊಳ್ಳುವ ಸ್ಥಳೀಯ ಆಡಳಿತ ಒಂದೊಂದು ದಿಕ್ಕಿಗೆ ಎಳೆಯುತ್ತಿದ್ದವು. ಕೊನೆಗೆ 2022ರ ಜುಲೈನಲ್ಲಿ ಕಾನೂನು ತಂದು ಇಡೀ ಇಂಗ್ಲೆಂಡನ್ನು 42 ಪ್ರದೇಶಗಳಾಗಿ ಮಾಡಿ, ಪ್ರತಿ ಪ್ರದೇಶದಲ್ಲೂ ಇವರೆಲ್ಲ ಒಟ್ಟಿಗೆ ಕೂತು ಯೋಜನೆ ಮಾಡಬೇಕು ಅಂದರು. ಅಷ್ಟು ಸಿರಿವಂತ ದೇಶಕ್ಕೇ ಇದು ಬೇಕಾಗಿದ್ದರೆ ನಮಗೆ ಬೇಡವೇ?

ಹಾಗಾದರೆ ಎಡವಿದ್ದೆಲ್ಲಿ?

ಗಮನಿಸಿ: ಪೋಲಿಯೊ, ಟಿಬಿ... ಇವೆಲ್ಲ ಒಂದೊಂದು ಕಾಯಿಲೆಗೆ ಅಂತಲೇ ಮಾಡಿದ ಕಾರ್ಯಕ್ರಮಗಳು. ಅವುಗಳ ಹಿಂದೆ ಬೀಳುವವರು ಒಬ್ಬರಿದ್ದಾರೆ. ಆದರೆ ನಮ್ಮ ಮನೆಮನೆಯ ಬಿಪಿ, ಶುಗರ್, ಮಂಡಿನೋವು, ಮರೆವು? ಇವುಗಳ ಹಿಂದೆ ಬೀಳುವವರು ಯಾರು? ನೀವು. ನೀವೊಬ್ಬರೇ!

ಕೂಡಿ ಕೂರುವ ಜಾಗಗಳು ಇಲ್ಲ ಅಂತಲ್ಲ. 2013ರ ನಗರ ಆರೋಗ್ಯ ಅಭಿಯಾನದಲ್ಲಿ ಸುಮಾರು 50,000 ಜನಸಂಖ್ಯೆಗೆ ಒಂದು ನಗರ ಪ್ರಾಥಮಿಕ ಆರೋಗ್ಯ ಕೇಂದ್ರ ಅಂತ ಲೆಕ್ಕ ಹಾಕಿದರು. ಜೊತೆಗೆ ಆರೋಗ್ಯ ರಕ್ಷಾ ಸಮಿತಿಗೂ, ಬಡ ಬಡಾವಣೆಗಳಲ್ಲಿ ಹೆಂಗಸರದೇ ಮಹಿಳಾ ಆರೋಗ್ಯ ಸಮಿತಿಗೂ ಜಾಗ ಕೊಟ್ಟರು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ವಾರ್ಡುಗಳಲ್ಲಿ ‘ನಮ್ಮ ಕ್ಲಿನಿಕ್’ ಶುರುವಾಯಿತು. ಅಲ್ಲಿ ಡಾಕ್ಟರ್ ನೋಡೋದೂ ಮಾತ್ರೆಯೂ ಉಚಿತ. ನಿಮ್ಮಲ್ಲಿ ಎಷ್ಟು ಮಂದಿ ಅದರೊಳಗೆ ಕಾಲಿಟ್ಟಿದ್ದೀರಿ? ‘ಅದು ನಮ್ಮಂಥವರಿಗಲ್ಲ’ ಅಂತ ನಾನೂ ಅಂದುಕೊಂಡಿದ್ದೆ. ಆದರೆ ತಿಂಗಳಿಗೊಮ್ಮೆ ಬಿಪಿ, ಶುಗರ್ ನೋಡಿಸೋಕೆ ಮನೆ ಹತ್ತಿರದ ಕ್ಲಿನಿಕ್‌ಗಿಂತ ಒಳ್ಳೆ ಜಾಗ ಯಾವುದಿದೆ?

ಇನ್ನೊಂದು ಮುಖ್ಯ ವಿಷಯ, ರೆಫರಲ್ ಪತ್ರ. 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಆದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಆ ಚಿಕಿತ್ಸೆ ಅಲ್ಲಿಲ್ಲದಿದ್ದರೆ ಅವರು ಪತ್ರ ಕೊಟ್ಟು, ಯೋಜನೆಯಲ್ಲಿರುವ ಖಾಸಗಿ ಆಸ್ಪತ್ರೆಗೆ ಕಳಿಸುತ್ತಾರೆ. ತುರ್ತು ಸ್ಥಿತಿಗೆ ಮಾತ್ರ ವಿನಾಯಿತಿ. ಇದು ತಿಳಿಯದೆ ನೇರ ಖಾಸಗಿ ಆಸ್ಪತ್ರೆಗೆ ಸೇರಿಸಿ, ಬಿಲ್ ಬಂದ ಮೇಲೆ ಕಾರ್ಡ್ ಹುಡುಕಿ, ಒಡವೆ ಅಡ ಇಟ್ಟವರನ್ನು ನೀವೂ ನೋಡಿರುತ್ತೀರಿ.

ನಾವು ಏನು ಕೇಳಬೇಕು?

ಕೋಟಿಗಟ್ಟಲೆ ಖರ್ಚಿನದೇನೂ ಬೇಡ. ಮೂರೇ ಮಾತು.

ಮೊದಲನೆಯದು, ಡಿಸ್‌ಚಾರ್ಜ್ ಹಾಳೆ ಕನ್ನಡದಲ್ಲೂ ಇರಲಿ. ಅದರಲ್ಲಿ ‘ಹೊಸದಾಗಿ ಶುರು ಮಾಡಿದ್ದು’ ಜೊತೆಗೆ ‘ಇನ್ನು ನಿಲ್ಲಿಸಬೇಕಾದ್ದು’ ಅಂತಲೂ ಒಂದು ಕಾಲಂ ಇರಲಿ. ಆ ಒಂದು ಕಾಲಂ ಇದ್ದಿದ್ದರೆ ನಮ್ಮ ಅತ್ತೆಗೆ ಆ ರಾತ್ರಿ ಬರುತ್ತಿರಲಿಲ್ಲ.

ಎರಡನೆಯದು, ರೋಗಿಯನ್ನು ಮನೆಗೆ ಕಳಿಸಿದ ಆಸ್ಪತ್ರೆ ಅವರ ಮಾಮೂಲಿ ಡಾಕ್ಟರಿಗೆ ಒಂದು ಫೋನ್ ಮಾಡಲಿ, ಇಲ್ಲವೇ ಒಂದು ಪತ್ರ ಕಳಿಸಲಿ.

ಮೂರನೆಯದು, ಒಂದು ವಾರ್ಡಿನ ಸರ್ಕಾರಿ ಕೇಂದ್ರ, ನರ್ಸಿಂಗ್ ಹೋಮ್‌ಗಳು, ಮೆಡಿಕಲ್ ಸ್ಟೋರ್‌ನವರು, ಹಿರಿಯರ ಸಂಘದವರು ತಿಂಗಳಿಗೊಮ್ಮೆ ಒಂದು ಮೇಜಿನ ಸುತ್ತ ಕೂರಲಿ. ಮೇಜಿನ ಒಂದು ಕುರ್ಚಿ ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವ ಹೆಣ್ಣುಮಗಳಿಗೆ ಇರಲಿ. ಯಾಕೆ ಅಂದರೆ, ಎಲ್ಲ ಆಸ್ಪತ್ರೆಗಳನ್ನೂ ಹೊಕ್ಕು ಬಂದವಳು ಅವಳೊಬ್ಬಳೇ!

‘ಅಷ್ಟರತನಕ ಫೈಲು ಹೊರೋದೂ ನಮ್ಮ ತಲೆಗೇನಾ?’ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆಸ್ಪತ್ರೆಗಳು ಮಾಡಬೇಕಾದ ಕೆಲಸವನ್ನು ಗೃಹಿಣಿಯರು ಬಿಟ್ಟಿಯಾಗಿ ಮಾಡುತ್ತಿದ್ದೇವೆ ಅನ್ನೋದು ನಿಜ. ಅದನ್ನು ಗಟ್ಟಿಯಾಗಿ ಹೇಳೋಣ. ಆದರೆ ಹೇಳುತ್ತಾ ಹೇಳುತ್ತಾ ಮನೆಯವರ ಜೀವವನ್ನು ಪಣಕ್ಕಿಡೋಕೆ ಆಗುತ್ತಾ? ಅದಕ್ಕೇ, ಸದ್ಯಕ್ಕೆ ಇಷ್ಟು ಮಾಡಿ.

ನೆನಪಿರಲಿ

* ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಫೈಲು ಮಾಡಿ. ಮೊದಲ ಪುಟದಲ್ಲಿ ಕಾಯಿಲೆಗಳು, ಆಗಿರುವ ಆಪರೇಷನ್‌ಗಳು, ಯಾವ ಔಷಧ ಒಗ್ಗುವುದಿಲ್ಲ, ಈಗ ತಗೊಳ್ಳುತ್ತಿರುವ ಮಾತ್ರೆಗಳು ಇವನ್ನು ಬರೆಯಿರಿ. ಮಾತ್ರೆ ಬದಲಾದ ದಿನವೇ ಪುಟ ತಿದ್ದಿ.

* ಸ್ಟ್ರಿಪ್‌ನಲ್ಲಿ ಕಂಪನಿ ಇಟ್ಟ ಹೆಸರಿನ ಜೊತೆ ಔಷಧದ ಮೂಲ ಹೆಸರೂ ಅಚ್ಚಾಗಿರುತ್ತೆ. ಅದನ್ನು ಬರೆದುಕೊಳ್ಳಿ. ಎರಡು ಸ್ಟ್ರಿಪ್‌ನಲ್ಲಿ ಅದೇ ಹೆಸರು ಕಂಡರೆ ಡಾಕ್ಟರನ್ನು ಕೇಳಿ. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ.

* ಡಿಸ್‌ಚಾರ್ಜ್ ದಿನ ಗಡಿಬಿಡಿ ಬೇಡ. ಮೂರು ಪ್ರಶ್ನೆ ಕೇಳಿ: ಹಳೇ ಮಾತ್ರೆಯಲ್ಲಿ ಯಾವುದು ನಿಲ್ಲಿಸಬೇಕು? ಏನಾದರೆ ತಕ್ಷಣ ಬರಬೇಕು? ಮತ್ತೆ ಯಾವತ್ತು ತೋರಿಸಬೇಕು?

* ಚಿಕಿತ್ಸೆಯ ದಾಖಲೆ ಕೇಳೋಕೆ ಸಂಕೋಚ ಬೇಡ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯಕೀಯ ಮಂಡಳಿಯ 2002ರ ನಿಯಮವೇ ಹೇಳುತ್ತೆ.

* 14 ಅಂಕಿಯ ‘ಆಭಾ’ ಸಂಖ್ಯೆ ಮಾಡಿಸಿಕೊಂಡರೆ ದಾಖಲೆಗಳನ್ನು ಮೊಬೈಲ್‌ನಲ್ಲೂ ಇಡಬಹುದು. ಆದರೆ ಆ ವ್ಯವಸ್ಥೆಗೆ ಸೇರಿದ ಆಸ್ಪತ್ರೆಗಳ ದಾಖಲೆ ಮಾತ್ರ ಹಾಗೆ ಸಿಗುತ್ತೆ. ಅದಕ್ಕೇ ಕಾಗದದ ಫೈಲು ಬಿಡಬೇಡಿ.

* ಸಕ್ಕರೆ ಕಾಯಿಲೆಯವರು ಇದ್ದಕ್ಕಿದ್ದಂತೆ ಬೆವೆತು, ನಡುಗಿ, ತೊದಲಿದರೆ ಸಕ್ಕರೆ ಇಳಿದಿರಬಹುದು. ಪ್ರಜ್ಞೆ ಇದ್ದು ನುಂಗೋಕೆ ಆಗುವಂತಿದ್ದರೆ ಸಕ್ಕರೆ ನೀರು ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ.

* ಫ್ರಿಜ್ ಮೇಲೆ ಈ ನಂಬರುಗಳನ್ನು ಅಂಟಿಸಿ: ಆಂಬುಲೆನ್ಸ್ 108, ಹಿರಿಯರಿಗೆ 1090, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416.

ಕೊನೆಯದಾಗಿ ಒಂದು ಮಾತು. ಫೈಲು ಎಲ್ಲಿದೆ ಅಂತ ನಿಮಗೊಬ್ಬರಿಗೇ ಗೊತ್ತಿದ್ದರೆ ಪ್ರಯೋಜನವಿಲ್ಲ. ನೀವು ತವರಿಗೆ ಹೋದ ದಿನವೇ ಅತ್ತೆಗೆ ಹುಷಾರು ತಪ್ಪಿದರೆ? ನಮ್ಮ ಮನೆಯಲ್ಲಿ ಈಗ ಫೈಲು ಟಿವಿ ಪಕ್ಕದಲ್ಲೇ ಇರುತ್ತೆ. ನಮ್ಮ ಯಜಮಾನರಿಗೆ ರಿಮೋಟ್ ಹುಡುಕುವಾಗಲೆಲ್ಲ ಮೊದಲು ಸಿಗೋದು ಅದೇ!

ಆಸ್ಪತ್ರೆಗಳು ಒಂದಕ್ಕೊಂದು ಯಾವತ್ತು ಕೈ ಕುಲುಕುತ್ತವೋ ಗೊತ್ತಿಲ್ಲ. ಮೊದಲು ನಮ್ಮ ಮನೆಯೊಳಗಾದರೂ ಜೊತೆಗಾರಿಕೆ ಶುರುವಾಗಲಿ. ಮುಂದಿನ ಸಲ ಡಾಕ್ಟರ್ ‘ಯಾವ್ಯಾವ ಮಾತ್ರೆ ತಗೋತಾರೆ?’ ಅಂದಾಗ ಪರ್ಸ್ ತಡಕಬೇಡಿ. ಫೈಲು ತೆರೆದು ಮೇಜಿನ ಮೇಲಿಡಿ. ‘ಇದನ್ನ ನೋಡಿ, ನಮ್ಮ ಮಾಮೂಲಿ ಡಾಕ್ಟರಿಗೂ ಎರಡು ಸಾಲು ಬರೆದುಕೊಡಿ ಸಾರ್’ ಅನ್ನಿ. ಒಬ್ಬರು ಕೇಳಿದರೆ ನಕ್ಕಾರು. ನಾಗಸಂದ್ರದ ಹೆಂಗಸರೆಲ್ಲ ಕೇಳಿದರೆ ಬರೆದೇ ಬರೆಯುತ್ತಾರೆ. ನೀವೇನಂತೀರಿ?