ಅಜ್ನಾಲದ ಬಾವಿಯ ಸಾಕ್ಷ್ಯ

ಕೊಲೆಗೆ ಕೊಂದವನ ಲೆಕ್ಕವೊಂದೇ ಆಧಾರವಾಗಿ ಉಳಿಯುವುದು ಚರಿತ್ರೆಯಲ್ಲಿ ಅಪೂರ್ವವೇನಲ್ಲ. 1857ರ ಜುಲೈ 30ರಂದು ಲಾಹೋರಿನ ಮಿಯಾನ್ ಮೀರ್ ದಂಡುಪ್ರದೇಶದಲ್ಲಿದ್ದ 26ನೆಯ ದೇಶೀಯ ಪದಾತಿದಳದ ಸಿಪಾಯಿಗಳು ತಮ್ಮ ಮೇಜರನನ್ನು ಕೊಂದು ಓಡಿದರು. ಅವರ ಆಯುಧಗಳನ್ನು ಮೇ ತಿಂಗಳಲ್ಲಿಯೇ ಕಿತ್ತುಕೊಳ್ಳಲಾಗಿತ್ತು. ರಾವಿಯ ದಡದಲ್ಲಿ ಸೆರೆಸಿಕ್ಕವರನ್ನು ಅಮೃತಸರದ ಡೆಪ್ಯುಟಿ ಕಮಿಷನರ್ ಫ್ರೆಡರಿಕ್ ಕೂಪರನು ಅಜ್ನಾಲಕ್ಕೆ ತಂದು, ಆಗಸ್ಟ್ 1ರ ಬೆಳಿಗ್ಗೆ ಹತ್ತು ಹತ್ತು ಮಂದಿಯಂತೆ ಹೊರಗೆಳೆಸಿ ಗುಂಡಿಕ್ಕಿಸಿದನು. 237 ಮಂದಿ ಹಾಗೆ ಸತ್ತರು. ಬುರುಜಿನ ಇಕ್ಕಟ್ಟಿನಲ್ಲಿ ಕೂಡಿಹಾಕಿದ್ದ 45 ಮಂದಿ, ಬಾಗಿಲು ತೆರೆಯುವ ಮೊದಲೇ, ಸೆಕೆಯಿಂದಲೂ ಉಸಿರುಗಟ್ಟಿಯೂ ಪ್ರಾಣ ಬಿಟ್ಟಿದ್ದರು. ಒಟ್ಟು 282 ಹೆಣಗಳು ಸಮೀಪದ ಪಾಳುಬಾವಿಗೆ ಬಿದ್ದವು. ಇದನ್ನೆಲ್ಲ ಮರುವರ್ಷ ಹೆಮ್ಮೆಯಿಂದ ಪುಸ್ತಕ ಮಾಡಿ ಅಚ್ಚುಹಾಕಿಸಿದವನು ಕೂಪರನೇ. ವಿಚಾರಣೆಯೆಂಬುದು ನಡೆಯಲೇ ಇಲ್ಲ.

ಆ ಬಾವಿಯ ಮೇಲೆ ಮುಂದೆ ಗುರುದ್ವಾರವೊಂದು ಎದ್ದಿತು. 2014ರಲ್ಲಿ ಅದನ್ನು ಬೇರೆಡೆಗೆ ಸಾಗಿಸಿ ಬಾವಿಯನ್ನು ತೋಡಿದಾಗ ರಾಶಿರಾಶಿ ಎಲುಬುಗಳು, ಸಾವಿರಾರು ಹಲ್ಲುಗಳು, ಕಂಪೆನಿಯ ಕಾಲದ ನಾಣ್ಯಗಳು ಹೊರಬಂದವು. ತೋಡಿದವರು ಭಕ್ತಿಯಿಂದ ತೋಡಿದರು, ಅದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ತಜ್ಞರ ಮೇಲ್ವಿಚಾರಣೆಯಿರಲಿಲ್ಲ. ಯಾವ ಎಲುಬು ಯಾವುದರ ಪಕ್ಕದಲ್ಲಿತ್ತು, ಯಾವ ದೇಹ ಯಾವುದರ ಮೇಲೆ ಬಿದ್ದಿತ್ತು ಎಂಬ ವಿವರ ಒಮ್ಮೆ ಕದಡಿದರೆ ಮರಳಿ ಕೈಗೆ ಬಾರದು. ಹಳೆಯ ಓಲೆಕಟ್ಟಿನ ದಾರ ಹರಿದು ಗರಿಗಳು ಕಲಸಿಹೋದರೆ ಗ್ರಂಥಸಂಪಾದಕನು ಪಡುವ ಪಾಡು ನಮ್ಮ ಓದುಗರಿಗೆ ತಿಳಿದದ್ದೇ. ಅಲ್ಲಿಯಾದರೂ ಛಂದಸ್ಸು ಕೈಹಿಡಿದೀತು. ಇಲ್ಲಿ ಆ ಆಸರೆಯೂ ಇಲ್ಲ.

ಅರ್ಜೆಂಟೀನದಲ್ಲಿಯೂ ಇದೇ ಆಗಿತ್ತು. 1976ರಿಂದ 1983ರವರೆಗಿನ ಸೈನಿಕ ಆಡಳಿತದಲ್ಲಿ ಕಾಣೆಯಾದವರ ಗೋರಿಗಳನ್ನು ಮೊದಲು ಬುಲ್ಡೋಜರುಗಳಿಂದ ಅಗೆಸಿ ಎಷ್ಟೋ ಸಾಕ್ಷ್ಯವನ್ನು ಹಾಳುಮಾಡಲಾಯಿತು. 1984ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಕ್ಲೈಡ್ ಸ್ನೋ ಅಲ್ಲಿಗೆ ಹೋಗಿ, ಕೆಲವು ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು, ಸಣ್ಣ ಕರಣೆ ಕುಂಚಗಳಿಂದ ಮಣ್ಣನ್ನು ಬಿಡಿಸುವ ಕ್ರಮವನ್ನು ಕಲಿಸಿದರು. 1985ರಲ್ಲಿ ಸೇನಾನಾಯಕರ ವಿಚಾರಣೆ ನಡೆದಾಗ ನ್ಯಾಯಾಲಯದಲ್ಲಿ ಆ ಎಲುಬುಗಳ ಪರವಾಗಿ ಸಾಕ್ಷಿ ನುಡಿದವರೂ ಅವರೇ.

ಅಜ್ನಾಲದಲ್ಲಿ ಕದಡಿದ ರಾಶಿಯಿಂದಲೇ ವಿಜ್ಞಾನಿಗಳು ಕೆಲಸ ಆರಂಭಿಸಬೇಕಾಯಿತು. ಪಂಡಿತರಲ್ಲಿ ಎರಡು ಪಕ್ಷ: ಇವು 1857ರ ಸಿಪಾಯಿಗಳ ಅಸ್ಥಿಗಳೆಂದು ಕೆಲವರು, 1947ರ ದೇಶವಿಭಜನೆಯ ಗಲಭೆಯಲ್ಲಿ ಸತ್ತವರದೆಂದು ಕೆಲವರು. ಎಲುಬು ಹೇಳಬಲ್ಲ ಸಂಗತಿಗಳು ಹಲವಿವೆ. ಸೊಂಟದ ಎಲುಬಿನ ಕಚ್ಚು ಅಗಲವಾಗಿದ್ದರೆ ಹೆಣ್ಣು, ಕಿರಿದಾಗಿದ್ದರೆ ಗಂಡು ಎಂದು ಬಹುಮಟ್ಟಿಗೆ ತಿಳಿಯಬಹುದು. ನೀಳ ಎಲುಬುಗಳ ತುದಿಗಳು ನಡುವಿನ ದಂಡದೊಡನೆ ಬೆಸೆದಿವೆಯೇ ಎಂಬುದರಿಂದ ಪ್ರಾಯ ತಿಳಿಯುತ್ತದೆ. ತೊಡೆಯೆಲುಬಿನ ಉದ್ದದಿಂದ ನಿಲುವು ತಿಳಿಯುತ್ತದೆ. ಆದರೆ ಊರನ್ನು ಹೇಳಬಲ್ಲದ್ದು ಹಲ್ಲು. ಹಲ್ಲಿನ ಮೇಲಣ ಗಟ್ಟಿ ಕವಚವು ಬಾಲ್ಯದಲ್ಲಿಯೇ ಮೂಡಿ ಮುಗಿಯುತ್ತದೆ. ಎಲುಬಿನಂತೆ ಅದು ಮತ್ತೆ ಮತ್ತೆ ಹೊಸದಾಗುವುದಿಲ್ಲ. ಹುಡುಗನಾಗಿದ್ದಾಗ ಕುಡಿದ ನೀರಿನ ಆಮ್ಲಜನಕದ ಗುರುತು, ಸಮಸ್ಥಾನಿಗಳ ಪ್ರಮಾಣದ ರೂಪದಲ್ಲಿ, ಸಾಯುವ ತನಕವೂ, ಸತ್ತ ಮೇಲೂ ಅದರಲ್ಲಿ ಉಳಿದಿರುತ್ತದೆ. ಹುಟ್ಟೂರಿನ ನೀರಿನ ಋಣವೆಂದು ನಮ್ಮ ಹಿರಿಯರು ಹೇಳುತ್ತಿದ್ದ ಮಾತಿಗೆ ಇಂಥದೊಂದು ಅರ್ಥವೂ ಉಂಟೆಂದು ಅವರು ಎಣಿಸಿರಲಾರರು.

ಹೈದರಾಬಾದಿನ ಜೀವಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರ, ಲಖನೌದ ಬೀರಬಲ್ ಸಾಹನಿ ಸಂಸ್ಥೆ, ಬನಾರಸ್ ಹಿಂದೂ ವಿಶ್ವವಿದ್ಯಾಲಯ, ಪಂಜಾಬ್ ವಿಶ್ವವಿದ್ಯಾಲಯ ಇವುಗಳ ವಿದ್ವಾಂಸರು ಕೂಡಿ 50 ಮಾದರಿಗಳಲ್ಲಿ ತಾಯಿಯ ಕಡೆಯಿಂದ ಇಳಿದುಬರುವ ಡಿಎನ್‌ಎಯನ್ನೂ 85 ಮಾದರಿಗಳಲ್ಲಿ ಸಮಸ್ಥಾನಿಗಳನ್ನೂ ಪರೀಕ್ಷಿಸಿದರು. 2022ರಲ್ಲಿ ಹೊರಬಂದ ನಿರ್ಣಯ ಇದು: ಸತ್ತವರು ಪಂಜಾಬಿನವರಲ್ಲ, ಗಂಗಾಬಯಲಿನ ಪೂರ್ವಭಾಗದವರು. 26ನೆಯ ದಳದ ಸಿಪಾಯಿಗಳನ್ನು ಬಂಗಾಳ, ಬಿಹಾರ, ಒರಿಸ್ಸ, ಉತ್ತರಪ್ರದೇಶದ ಪೂರ್ವ ಜಿಲ್ಲೆಗಳಿಂದ ಸೇರಿಸಿಕೊಂಡಿದ್ದರೆಂಬ ಚರಿತ್ರೆಯ ಮಾತಿಗೆ ಇದು ಹೊಂದುತ್ತದೆ. ಕೂಪರನ ಲೆಕ್ಕ ಹೀಗೆ ದೃಢವಾಯಿತು. ಆದರೆ ಈ ಸಲ ನುಡಿದದ್ದು ಸತ್ತವರ ಕಡೆಯಿಂದ.

ಇಷ್ಟರಿಂದ ತೃಪ್ತರಾಗುವುದು ನಮಗೆ ಸರಿಯೆನಿಸುವುದಿಲ್ಲ. ವಿಜ್ಞಾನವು ಸೀಮೆಯನ್ನು ಹೇಳಿತು, ಹೆಸರನ್ನು ಹೇಳಲಿಲ್ಲ. ಹುತಾತ್ಮರೆಂದು ಒಂದೇ ಪದದಲ್ಲಿ ಎಲ್ಲರನ್ನೂ ಹೊದಿಸಿ ಹಾರ ಹಾಕುವುದು ಸುಲಭ. ಇಂತಹ ಹಳ್ಳಿಯ ಇಂತಹವನ ಮಗ ಎಂದು ಒಬ್ಬನನ್ನಾದರೂ ಗುರುತಿಸುವುದು ಕಷ್ಟ. ಅವರಲ್ಲಿ ಯಾರನ್ನು ಸುಡಬೇಕು, ಯಾರನ್ನು ಹೂಳಬೇಕು ಎಂಬುದನ್ನು ಸಹ ಎಲುಬು ಹೇಳಲಾರದು. ದಳದ ಹಾಜರಿಪಟ್ಟಿಗಳು ಎಲ್ಲಿಯಾದರೂ ಉಳಿದಿದ್ದರೆ ಅವನ್ನು ತರಿಸಿ ಓದುವುದು ಸರ್ಕಾರದ ಕೆಲಸ. ಮುಂದೆ ಎಲ್ಲಿಯೇ ಆಗಲಿ ಇಂಥ ಗುಂಡಿ ಸಿಕ್ಕಿದಾಗ ಗುದ್ದಲಿಗಿಂತ ಮೊದಲು ಮಾನವಶಾಸ್ತ್ರಜ್ಞನನ್ನು ಕರೆಸುವುದೂ ಅದರದೇ ಕೆಲಸ.

ಇನ್ನೊಂದು ಕೆಲಸ ಭೋಜಪುರಿ, ಅವಧಿ, ಮೈಥಿಲಿಗಳ ವಿದ್ವಾಂಸರದು. ಹೋದವನು ಮರಳಲಿಲ್ಲವೆಂಬ ಮಾತು ಯಾವ ಮನೆತನದಲ್ಲಿ, ಯಾವ ಹಾಡಿನಲ್ಲಿ ಉಳಿದಿದೆಯೋ ಅದನ್ನು ಅವರು ಬರೆದುಕೊಳ್ಳಬೇಕು. ಕೇಳಬೇಕಾದದ್ದು ಸಿಪಾಯಿಯ ಮಕ್ಕಳ ವಂಶವನ್ನಲ್ಲ. ತಾಯಿಯಿಂದ ಬಂದ ಆ ಗುರುತನ್ನು ಗಂಡಸು ತನ್ನ ಮಕ್ಕಳಿಗೆ ಕೊಡಲಾರ. ಅವನ ಅಕ್ಕತಂಗಿಯರ ಹೆಣ್ಣುಮಕ್ಕಳು, ಅವರ ಹೆಣ್ಣುಮಕ್ಕಳು, ಬೇರೆ ಬೇರೆ ಮನೆಗಳಿಗೆ ಮದುವೆಯಾಗಿ ಹೋಗಿ ಹೆಸರು ಬದಲಾದವರು, ಇವರನ್ನು ಹುಡುಕಿಕೊಂಡು ಹೋಗಬೇಕು.