ತೆರಿಗೆ ಕಟ್ಟಿದವನದೇ ಬೀದಿಯೇ?

ನಗರ ಸುಧಾರಣೆಯ ಮಾತು ಬಂದಾಗಲೆಲ್ಲ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರನ್ನೂ ಬ್ರಯಂಟ್ ಪಾರ್ಕನ್ನೂ ಎತ್ತಿ ತೋರಿಸುವುದು ನಮ್ಮ ಸುಶಿಕ್ಷಿತ ವರ್ಗದ ಅಭ್ಯಾಸವಾಗಿದೆ. ನಗರಪಾಲಿಕೆ ಕೈಚೆಲ್ಲಿದ ಬೀದಿಗಳನ್ನು ಅಲ್ಲಿಯ ವ್ಯಾಪಾರವರ್ಗವೇ ಹಣ ಕೂಡಿಸಿ ಉದ್ಧರಿಸಿತಂತೆ. ನಮ್ಮ ಫೋರ್ಟಿಗೂ ದಾದರಿಗೂ ಅದೇ ಮಾರ್ಗವಂತೆ. ಈ ವ್ಯವಸ್ಥೆಗೆ 'ಬಿಸಿನೆಸ್ ಇಂಪ್ರೂವ್‌ಮೆಂಟ್ ಡಿಸ್ಟ್ರಿಕ್ಟ್', ಸಂಕ್ಷೇಪವಾಗಿ 'ಬಿಡ್', ಎಂದು ಹೆಸರು. ಅದು ಗುಡಿಸಿದ ಬೀದಿಯನ್ನು ಹೊಗಳುವವರು ಅದರ ಮತದಾರರ ಪಟ್ಟಿಯನ್ನು ತೆರೆದು ನೋಡಿಲ್ಲ ಎಂಬುದೇ ನನ್ನ ಆಕ್ಷೇಪ.

ಈ ಪದ್ಧತಿಯ ಹುಟ್ಟಿನಲ್ಲಿ ಕುಟಿಲವೇನೂ ಇರಲಿಲ್ಲ. ಕೆನಡಾದ ಟೊರಾಂಟೊ ನಗರದ ಬ್ಲೂರ್ ವೆಸ್ಟ್ ವಿಲೇಜ್ ಎಂಬಲ್ಲಿ 1970ರಲ್ಲಿ ಮೊದಲನೆಯ ವಲಯ ಸ್ಥಾಪನೆಯಾಯಿತು. ಸ್ವಇಚ್ಛೆಯ ಚಂದಾದಿಂದ ನಡೆಯುವ ವ್ಯಾಪಾರಿ ಸಂಘಗಳ ಪಾಡು ನಮಗೆ ಗೊತ್ತೇ ಇದೆ: ಹತ್ತು ಜನ ಕೊಡುತ್ತಾರೆ, ತೊಂಬತ್ತು ಜನ ದೀಪದ ಬೆಳಕನ್ನು ಪುಕ್ಕಟೆ ಅನುಭವಿಸುತ್ತಾರೆ. ಆದುದರಿಂದ ವಲಯದೊಳಗಿನ ಎಲ್ಲರೂ ಕಡ್ಡಾಯವಾಗಿ ಕೊಡಬೇಕೆಂಬ ಕಾನೂನನ್ನು ಆ ಅಂಗಡಿಕಾರರು ಬೇಡಿ ಪಡೆದರು. ನ್ಯೂಯಾರ್ಕಿನಲ್ಲಿ ಈ ವಿಶೇಷ ಕರವನ್ನು ಕಟ್ಟಡದ ಮಾಲಿಕರ ಮೇಲೆ ಹೇರಲಾಗುತ್ತದೆ. ನಗರಪಾಲಿಕೆಯೇ ವಸೂಲು ಮಾಡಿ, ಆ ಮೊತ್ತವನ್ನು ವಲಯದ ಆಡಳಿತ ಸಂಸ್ಥೆಗೆ ಒಪ್ಪಿಸುತ್ತದೆ. ಕಸ ಗುಡಿಸುವವರು, ಕಾವಲುಗಾರರು, ಹೂಕುಂಡ, ಜಾಹೀರಾತು ಎಲ್ಲವೂ ಅದರಿಂದಲೇ.

ವಸೂಲಿಗೆ ಸರ್ಕಾರದ ದಂಡ, ಖರ್ಚಿಗೆ ಖಾಸಗಿ ಕೈ! ಪ್ರಶ್ನೆ ಹುಟ್ಟುವುದು ಇಲ್ಲಿ.

ಆ ಖಾಸಗಿ ಕೈ ಯಾರದು? ಆಡಳಿತ ಮಂಡಳಿಯಲ್ಲಿ ಆಸ್ತಿಯ ಮಾಲಿಕರಿಗೇ ಬಹುಮತವಿರಬೇಕೆಂದು ನ್ಯೂಯಾರ್ಕಿನ ಕಾನೂನೇ ವಿಧಿಸುತ್ತದೆ. ವಲಯ ಸ್ಥಾಪನೆಯನ್ನು ತಡೆಯಬೇಕಾದರೆ ಮಾಲಿಕರಲ್ಲಿ ಶೇ. 51 ಮಂದಿ, ಇಲ್ಲವೇ ಶೇ. 51ರಷ್ಟು ಆಸ್ತಿಮೌಲ್ಯದ ಒಡೆಯರು, ಗಡುವಿನೊಳಗೆ ಲಿಖಿತ ಆಕ್ಷೇಪ ಸಲ್ಲಿಸಬೇಕು. ಸುಮ್ಮನಿದ್ದವರು ಒಪ್ಪಿದಂತೆ. ಬಾಡಿಗೆದಾರನಿಗೆ ಆ ಆಕ್ಷೇಪದ ಅಧಿಕಾರವೂ ಇಲ್ಲ. ಕರದ ಭಾರ ಮಾತ್ರ ಗುತ್ತಿಗೆಪತ್ರದ ಮೂಲಕ ಅವನ ಹೆಗಲಿಗೇ ಇಳಿಯುವುದುಂಟು.

ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದ ಸುತ್ತಲಿನ ವಲಯದ ನಿವಾಸಿಗಳು ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಅಲ್ಲಿ ಬಾಡಿಗೆಗೆ ವಾಸಿಸುವವರೆಲ್ಲರಿಗೂ ಸೇರಿ ಮಂಡಳಿಯಲ್ಲಿ ಒಂದೇ ಒಂದು ಸ್ಥಾನ. 'ಒಬ್ಬನಿಗೆ ಒಂದು ಮತ' ಎಂಬ ತತ್ತ್ವ ಇಂಥ ಸೀಮಿತ ಉದ್ದೇಶದ ಸಂಸ್ಥೆಗೆ ಅನ್ವಯಿಸದು ಎಂದು ಫೆಡರಲ್ ಮೇಲ್ಮನವಿ ನ್ಯಾಯಾಲಯ 1998ರಲ್ಲಿ ತೀರ್ಪಿತ್ತಿತು. ಅದೇ ವರ್ಷ, ಮುಂದೆ ಅಮೆರಿಕದ ಸುಪ್ರೀಂ ಕೋರ್ಟನ್ನು ಸೇರಿದ ನ್ಯಾಯಾಧೀಶೆ ಸೋನಿಯಾ ಸೊಟೊಮೇಯರ್, ಅದೇ ವಲಯದ ಇನ್ನೊಂದು ಮುಖವನ್ನು ಬಯಲಿಗೆ ತಂದರು. ಮನೆಯಿಲ್ಲದವರಿಗೆ 'ತರಬೇತಿ' ಎಂಬ ಹೆಸರಿನಲ್ಲಿ ಗಂಟೆಗೆ ಸುಮಾರು ಒಂದು ಡಾಲರು ಕೊಟ್ಟು ದುಡಿಸಿಕೊಂಡದ್ದು ಕನಿಷ್ಠ ವೇತನದ ಕಾನೂನಿನ ಉಲ್ಲಂಘನೆ ಎಂದು ಆಕೆ ತೀರ್ಮಾನಿಸಿದರು. ಬೀದಿ ಥಳಥಳಿಸಿತು, ನಿಜ. ಯಾರ ಬೆವರಿನಿಂದ ಎಂಬುದನ್ನು ಪ್ರವಾಸಿಗರು ಕೇಳಲಿಲ್ಲ.

ಬೇರೆ ಬಗೆಯಲ್ಲಿ ಮಾಡಲು ಸಾಧ್ಯವಿಲ್ಲವೆಂದೇನೂ ಇಲ್ಲ. ಇಂಗ್ಲೆಂಡಿನಲ್ಲಿ 2003ರ ಕಾಯಿದೆಯ ಪ್ರಕಾರ ಕರ ಕೊಡುವವನು ಸಾಮಾನ್ಯವಾಗಿ ಜಾಗದಲ್ಲಿ ವ್ಯಾಪಾರ ನಡೆಸುವವನು, ಮತವೂ ಅವನದೇ. ಮತಗಳ ಸಂಖ್ಯೆ, ಜಾಗದ ಮೌಲ್ಯ ಎರಡರಲ್ಲಿಯೂ ಬಹುಮತ ಬರಬೇಕು. ಗರಿಷ್ಠ ಐದು ವರ್ಷಗಳ ಬಳಿಕ ಪುನಃ ಮತಕ್ಕೆ ಹೋಗಬೇಕು. ಅಲ್ಲಿಯೂ ನಿವಾಸಿಗೆ, ಕೂಲಿಗೆ ಮತವಿಲ್ಲ. ಆದರೂ ದೊಡ್ಡವನು ಚಿಕ್ಕವನನ್ನು ಕೇಳದೆ ಮುಂದೆ ಹೋಗಲಾರ.

ಈಗ ನಮ್ಮ ಮುಂಬಯಿಗೆ ಬರೋಣ. ಇಲ್ಲಿ ಹೋಟೆಲು ಕಟ್ಟಿ ಬೆಳೆಸಿದ ನಮ್ಮವರಲ್ಲಿ ಎಷ್ಟು ಮಂದಿ ತಾವು ಕುಳಿತ ಗೋಡೆಯ ಒಡೆಯರು? ಫೋರ್ಟಿನಲ್ಲಿ, ಮಾಟುಂಗದಲ್ಲಿ ಅನೇಕರು ಪಗಡಿ ಕೊಟ್ಟು ಕುಳಿತವರು. ಎರಡು ಮೂರು ತಲೆಮಾರು ಅದೇ ಒಲೆಯ ಮುಂದೆ ದುಡಿದರೂ ಕಾಗದದಲ್ಲಿ ಬಾಡಿಗೆದಾರರು. ನ್ಯೂಯಾರ್ಕಿನ ಮಾದರಿಯನ್ನು ಇದ್ದಂತೆಯೇ ತಂದರೆ, ಹೋಟೆಲಿನ ಮೆಟ್ಟಿಲನ್ನೇ ಹತ್ತದ ಕಟ್ಟಡದ ಮಾಲಿಕ ಬೀದಿಯ ಭವಿಷ್ಯವನ್ನು ನಿರ್ಣಯಿಸುವನು. ಎದುರಿನ ವಡಾಪಾವಿನ ಗಾಡಿಯವನು ಮೊದಲ ದಿನವೇ 'ಅಡಚಣೆ'ಯಾಗುವನು. 2014ರ ಬೀದಿವ್ಯಾಪಾರಿಗಳ ಕಾಯಿದೆ ನಗರ ವ್ಯಾಪಾರ ಸಮಿತಿಯಲ್ಲಿ ಅವನ ಪ್ರತಿನಿಧಿಗಳಿಗೆ ಕನಿಷ್ಠ ಶೇ. 40 ಸ್ಥಾನ ಕೊಟ್ಟಿದೆ. ಪಾರ್ಲಿಮೆಂಟು ಮುಂಬಾಗಿಲಿನಿಂದ ಒಳಗೆ ಕರೆದವನನ್ನು ಮಾಲಿಕರ ಮಂಡಳಿ ಹಿಂಬಾಗಿಲಿನಿಂದ ಹೊರದಬ್ಬಬಹುದೇ?

ಈ ನಗರಕ್ಕೆ ಇದು ಹೊಸ ಪಾಠವೂ ಅಲ್ಲ. 19ನೆಯ ಶತಮಾನದಲ್ಲಿ ಮುಂಬಯಿ ಪಾಲಿಕೆಯ ಮತದ ಹಕ್ಕು ತೆರಿಗೆದಾರರ ಸ್ವತ್ತಾಗಿತ್ತು. ವಯಸ್ಕರೆಲ್ಲರೂ ಮತ ಹಾಕಿದ್ದು 1948ರಲ್ಲಿ. ಹಾಗೆ ಗಳಿಸಿದ್ದನ್ನು ಹೂಕುಂಡಗಳ ಆಸೆಗೆ ಹಿಂತಿರುಗಿ ಕೊಡುವುದು ಯಾವ ವಿವೇಕ?

'ಪಾಲಿಕೆ ಮಾಡುವುದಿಲ್ಲವಲ್ಲ, ಕಾಯುತ್ತ ಕೂರಬೇಕೇ?' ಎಂದು ಕೇಳುವವರ ಸಂಕಟ ನನಗೂ ಅರ್ಥವಾಗುತ್ತದೆ. 2022ರ ಮಾರ್ಚಿನಲ್ಲಿ ಅವಧಿ ಮುಗಿದ ಮೇಲೆ ಮೂರು ವರ್ಷಕ್ಕೂ ಮೀರಿ ಚುನಾಯಿತ ಸದಸ್ಯರೇ ಇಲ್ಲದೆ ಈ ನಗರವನ್ನು ಆಡಳಿತಾಧಿಕಾರಿ ನಡೆಸಿದುದನ್ನು ಕಂಡವರು ನಾವು. ಆದರೆ ಪ್ರಜಾಪ್ರತಿನಿಧಿಗಳ ಕೊರತೆಗೆ ಆಸ್ತಿವಂತರ ಮಂಡಳಿ ಮದ್ದಾಗದು. ಅಲ್ಲದೆ, ಕರ ಕೊಡಬಲ್ಲ ಬೀದಿ ತನ್ನ ಕಸವನ್ನು ತಾನೇ ಎತ್ತಿಕೊಂಡ ಮೇಲೆ ಧಾರಾವಿಯ, ಗೋವಂಡಿಯ ಕಸಕ್ಕಾಗಿ ಪಾಲಿಕೆಯ ಬಾಗಿಲು ತಟ್ಟುವ ಪ್ರಭಾವಿಗಳು ಯಾರು ಉಳಿಯುತ್ತಾರೆ?

ಬಿಡ್ ಬೇಕೇಬೇಕೆನ್ನುವವರು ನಾಲ್ಕು ಷರತ್ತುಗಳಿಗೆ ಒಪ್ಪಲಿ. ಪಗಡಿಯವನಿಗೂ ನಿವಾಸಿಗೂ ಬೀದಿವ್ಯಾಪಾರಿಗೂ ಮತವಿರಲಿ. ಐದು ವರ್ಷಕ್ಕೊಮ್ಮೆ ಮತ ಕೇಳಲಿ. ಪೈಸೆ ಪೈಸೆಯ ಲೆಕ್ಕ ಪಾಲಿಕೆಯ ತಪಾಸಣೆಗೂ ವಾರ್ಡ್ ಸಮಿತಿಯ ಪ್ರಶ್ನೆಗೂ ತೆರೆದಿರಲಿ. ವಸೂಲಾದ ಕರದ ಒಂದು ಪಾಲು ಬಡ ವಾರ್ಡುಗಳಿಗೆ ಸಲ್ಲಲಿ. ಇವಕ್ಕೆ ಒಪ್ಪದವರು ಬೀದಿಯನ್ನು ಸುಧಾರಿಸಲು ಹೊರಟವರಲ್ಲ, ಅದನ್ನು ಕೊಳ್ಳಲು ಹೊರಟವರು. ಆ ವ್ಯಾಪಾರಕ್ಕೆ ನಮ್ಮ ಹೋಟೆಲು ಮಾಲಿಕರೂ ಅವರ ಸಂಘಗಳೂ ಅವಸರದಲ್ಲಿ ಸಹಿ ಹಾಕದಿರಲಿ.